ಗೊಡೆಲೀವಳ ಕಳ್ಳ ಎಲೆಗಳು

ಗೊಡೆಲೀವಳ ಮನೆಯಲ್ಲಿ ಸೂಪು ಕುಡಿಯುವ ಮೊದಲು ಚಮಚದಿಂದ ತಳ ಕೆದಕಿ ನೋಡಬೇಕು, ಇಲ್ಲದಿದ್ದರೆ ಆಟೀನು ರಾಜನನ್ನು ಮೀಸೆ ಸಮೇತ ನುಂಗಿಬಿಡುತ್ತೀರಿ ಎಂದು ಬೀದಿಯವರು ಹೇಳುತ್ತಿದ್ದರು. ಟರ್ನ್‌ಹೌಟ್ ಊರಿನಲ್ಲಿ ಇಸ್ಪೀಟೆಲೆ ಯಾರಿಗೂ ಹೊಸದಲ್ಲ. ಅರ್ಧ ಬೀದಿಯೇ ಎಲೆ ಕಾರ್ಖಾನೆಯಲ್ಲಿ ದುಡಿಯುತ್ತಿತ್ತು. ಆದರೆ ಕಾರ್ಖಾನೆಯವರು ಅಷ್ಟು ಕಷ್ಟಪಟ್ಟು ಅಂಟಿಸಿ ಕಳಿಸಿದ ಎಲೆಯನ್ನು ಮನೆಗೆ ತಂದು ಮತ್ತೆ ಬಿಡಿಸುವವಳು ಅವಳೊಬ್ಬಳೇ.

"ಹಗಲೆಲ್ಲ ಕಾರ್ಖಾನೇಲಿ ಎಲೆ ಆರಿಸ್ತಾಳೆ, ಸಂಜೆ ಬಂದು ಅದರ ಚರ್ಮ ಸುಲೀತಾಳೆ. ಏನು ಹೆಂಗಸಪ್ಪಾ!" ಎನ್ನುತ್ತಿದ್ದಳು ಎದುರು ಮನೆಯ ಮರಿಯೆಟ್. "ನಮ್ಮ ಬೆಕ್ಕನ್ನ ಅವಳ ಅಂಗಳಕ್ಕೆ ಬಿಡೋದೇ ಇಲ್ಲ ನಾನು. ಎರಡು ಬೆಕ್ಕಾಗಿ ವಾಪಸ್ ಬಂದ್ರೆ ಹಾಲು ಯಾರು ಹಾಕ್ತಾರೆ?"

ಹೀಗೆ ಹೇಳಿದ ಬಾಯಲ್ಲೇ ಅವಳು ಗೊಡೆಲೀವಳ ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದಳು. ಹೋಗದೆ ಇರಲು ಆಗುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದ ಕೆಲಸ ಹಾಗಿತ್ತು.

ಎಲೆಯೊಂದು ನೋಡಲು ಒಂದೇ ಹಾಳೆ. ಆದರೆ ಅದು ಎರಡು ಕಾಗದಗಳ ಸಂಸಾರ. ಗೊಡೆಲೀವ ಮೂಲೆಯಲ್ಲಿ ಹೆಬ್ಬೆರಳಿನ ಉಗುರು ತೂರಿಸಿ, ಉಸಿರು ಬಿಗಿಹಿಡಿದು, ಹಾಲಿನ ಕೆನೆ ಎತ್ತುವಂತೆ ಮುಖವನ್ನು ಬೆನ್ನಿನಿಂದ ಬೇರೆ ಮಾಡುತ್ತಿದ್ದಳು. ಮೊಂಡು ಎಲೆಗಳನ್ನು ಮೊದಲು ಬೆಚ್ಚನೆಯ ನೀರಿನ ಬಟ್ಟಲಿನಲ್ಲಿ ನೆನೆಸುತ್ತಿದ್ದಳು. ಬೀದಿಯವರ ಸೂಪಿನ ಮಾತು ಹುಟ್ಟಿದ್ದು ಆ ಬಟ್ಟಲಿನಿಂದ. ಆಮೇಲೆ ಬೆನ್ನಿಗೆ ಬೆನ್ನು ಅಂಟಿಸಿದರೆ ಮುಖವೇ ಇಲ್ಲದ ಎಲೆ. ಮುಖಕ್ಕೆ ಮುಖ ಅಂಟಿಸಿದರೆ ಒಂದು ಕಡೆ ರಾಣಿ, ಇನ್ನೊಂದು ಕಡೆ ಗುಲಾಮ. ಕೆಲವನ್ನು ಒಂದು ಕೂದಲೆಳೆಯಷ್ಟು ಗಿಡ್ಡ ಮಾಡುತ್ತಿದ್ದಳು, ಕಟ್ಟಿನಲ್ಲಿ ಎಲ್ಲಿ ಅಡಗಿದರೂ ಬೆರಳಿಗೆ ತಾನಾಗಿ ಸಿಗಲಿ ಎಂದು. ಕೆಲವಕ್ಕೆ ನಡುವೆ ಬಾಗಿಲಿಡುತ್ತಿದ್ದಳು, ಮಡಿಚಿದರೆ ಏಳು, ತೆರೆದರೆ ಎಕ್ಕ. ಹಿಟ್ಟಿನ ಅಂಟು ಸವರಿ, ಹೀರುಕಾಗದದ ನಡುವೆ ಇಟ್ಟು, ಹಳೆಯ ಕಬ್ಬಿಣದ ತಿರುಪಿನ ಒತ್ತುಯಂತದಲ್ಲಿ ಬಿಗಿದು ಒಣಗಿಸಬೇಕು. ಮೊದಮೊದಲು ತಿಳಿಯದೆ ಬಟ್ಟೆ ಹಗ್ಗಕ್ಕೆ ನೇತುಹಾಕಿದ್ದಳು. ಎಲೆಗಳೆಲ್ಲ ಹೆಂಚಿನಂತೆ ಬಾಗಿ ಕೂತವು. ಹೀಗೆ ಮಾಡಿದ ಎಲೆಗಳಿಗೆಲ್ಲ ಅವಳಿಟ್ಟ ಹೆಸರು ಕಳ್ಳ ಎಲೆಗಳು.

ಇದೆಲ್ಲ ಶುರುವಾದದ್ದು ಗಂಡ ಗುಸ್ಟ್‌ನಿಂದ. ಅವನು ಊರಿನ ಜಾದೂಗಾರರ ಕೂಟದ ಸದಸ್ಯ. ಬಿಳಿ ಗವಸು ಸಂಘ ಎಂದು ಅದರ ಹೆಸರು. ಚೌಕದ ಕಾಫಿ ಅಂಗಡಿಯ ಮಹಡಿಯಲ್ಲಿ ಸೇರುತ್ತಿತ್ತು. ಒಮ್ಮೆ ಗುಸ್ಟ್ ಎರಡೂ ಕಡೆ ಬೆನ್ನಿರುವ ಎಲೆ ಎಲ್ಲಿ ಸಿಗುತ್ತದೆಂದು ಗೊಣಗುತ್ತಿದ್ದಾಗ, ಆಲೂಗಡ್ಡೆ ಬೇಯಲು ಕಾಯುತ್ತಿದ್ದ ಗೊಡೆಲೀವ ಅಲ್ಲೇ ಒಂದನ್ನು ಮಾಡಿ ಕೈಗಿಟ್ಟಳು. ಮುಂದೆ ಸಂಘದವರೆಲ್ಲರ ಜೇಬಿನಲ್ಲೂ ಅವಳ ಎಲೆಗಳೇ. ಎಲ್ಲರೂ ಅವನ್ನು ಗುಸ್ಟ್‌ನ ಎಲೆಗಳು ಎಂದರು. ಗುಸ್ಟ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಳ್ಳೆಯ ಮನುಷ್ಯ, ಹೊಗಳಿಕೆ ಬಂದಾಗ ಮಾತ್ರ ಅವನಿಗೆ ಕಿವಿ ಮಂದವಾಗುತ್ತಿತ್ತು.

ಚಳಿಗಾಲವೊಂದರಲ್ಲಿ ಅವನ ಎದೆಗೆ ಕಫ ಕಟ್ಟಿತು, ಅದರಲ್ಲೇ ಹೋದ. ಹೂಳಿ ಬಂದವರಿಗೆ ವಾಡಿಕೆಯಂತೆ ಕಾಫಿ, ಸಿಹಿ ಬನ್ನು ಕೊಟ್ಟದ್ದಾಯಿತು. ಬಟ್ಟಲುಗಳು ತೊಳೆದು ಒಣಗುವುದರೊಳಗೆ ಸಂಘದ ಅಧ್ಯಕ್ಷ ಲಾಂಬ್ರೆಕ್ಟ್ ಅಡುಗೆಮನೆಯ ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ. ದೊಡ್ಡ ಬೀದಿಯ ಔಷಧಿ ಅಂಗಡಿ ಅವನದು.

"ಮೇಡಂ ಗುಸ್ಟ್, ಕೇಳಬಾರದು, ಆದ್ರೂ ಕೇಳ್ತೀನಿ. ಅವರು ಬಿಟ್ಟುಹೋದ ಎಲೆ ಇನ್ನೇನಾದ್ರೂ ಉಳಿದಿದ್ಯಾ?"

"ಯಾರು ಬಿಟ್ಟುಹೋದ್ದು?"

"ನಮ್ಮ ಗುಸ್ಟ್ ಮಾಡಿದ್ದು."

"ಗುಸ್ಟ್‌ಗೆ ತನ್ನ ಕಾಲುಗುರು ನೆಟ್ಟಗೆ ಕತ್ತರಿಸೋಕೆ ಬರ್ತಿರ್ಲಿಲ್ಲ, ಮೆನೇರ್ ಲಾಂಬ್ರೆಕ್ಟ್. ಅದನ್ನ ಕತ್ತರಿಸ್ತಿದ್ದೋಳೂ ನಾನೇ, ಎಲೆ ಕತ್ತರಿಸ್ತಿದ್ದೋಳೂ ನಾನೇ."

ಲಾಂಬ್ರೆಕ್ಟ್ ನಕ್ಕ. ಅವಳು ನಗಲಿಲ್ಲ. ಆಗ ಅವನ ಮುಖದ ಮೇಲೆ ನಿಧಾನಕ್ಕೆ ಸಮಾಧಾನ ಹರಡಿತು. "ಹಾಗಿದ್ರೆ ಒಳ್ಳೇದೇ ಆಯ್ತು! ಎಲೆ ನಿಲ್ಲೋದಿಲ್ಲ ಅಂತಾಯ್ತು."

"ನಿಲ್ಲೋದಿಲ್ಲ. ಆದ್ರೆ ನನ್ನನ್ನ ಸಂಘಕ್ಕೆ ಸೇರಿಸ್ಕೊಳ್ಳಿ."

"ಹೆಂಗಸರ ಸಂಜೆ ಇದ್ಯಲ್ಲ ಮೇಡಂ, ಪ್ರತಿ ವರ್ಷ..."

"ವರ್ಷಕ್ಕೊಂದ್ಸಲ ನಮ್ಮನ್ನ ಪೆಟ್ಟಿಗೇಲಿ ಮಲಗಿಸಿ ಗರಗಸ ಎಳೀತೀರಿ, ಆಮೇಲೆ ಒಂದು ಚೂರು ಕೇಕ್ ಕೊಡ್ತೀರಿ. ಅದಲ್ಲ ನಾನು ಕೇಳಿದ್ದು. ನಿಮ್ಮ ಮೇಜಿನ ಮುಂದೆ ನಿಂತು ಆಟ ತೋರಿಸ್ಬೇಕು. ಗೊಡೆಲೀವ ಸಾನನ್ ಅನ್ನೋ ನನ್ನ ಹುಟ್ಟು ಹೆಸರಲ್ಲಿ."

ಲಾಂಬ್ರೆಕ್ಟ್ ಟೋಪಿಯನ್ನು ಬೆರಳಲ್ಲಿ ತಿರುಗಿಸಿದ. "ಮಾಡೋ ಕೈಯೇ ಬೇರೆ ಮೇಡಂ, ಆಡಿಸೋ ಕೈಯೇ ಬೇರೆ."

ಈ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಮಾಡಿದ ಯಾವ ಎಲೆಯನ್ನೂ ಅವಳು ಕನ್ನಡಿಯ ಮುಂದೆ ಆಡಿಸಿ ನೋಡದೆ ಕೊಟ್ಟವಳಲ್ಲ. ಗುಸ್ಟ್ ಕಲಿತದ್ದೇ ಅವಳ ಕೈ ನೋಡಿ. ಅವಳು ಎದ್ದು ಒತ್ತುಯಂತದ ತಿರುಪನ್ನು ಕೊನೆಯವರೆಗೂ ಬಿಗಿದಳು. "ಹಾಗಾದ್ರೆ ಮಾಡೋ ಕೈ ಇವತ್ತಿಂದ ನಿಂತಿದೆ. ಬಾಗಿಲು ಹಾಕ್ಕೊಂಡು ಹೋಗಿ, ಗಾಳಿ ಬರುತ್ತೆ."

ಸಂಘದವರು ಮೊದಲು ನಕ್ಕರು. ಆದರೆ ವಸಂತದಲ್ಲಿ ಸಂಘದ ವಾರ್ಷಿಕೋತ್ಸವ. ಆಂಟ್ವೆರ್ಪಿನಿಂದಲೂ ಘೆಂಟಿನಿಂದಲೂ ಜಾದೂಗಾರರು ಬರುವವರಿದ್ದರು. ಹೊರದೇಶದಿಂದ ತರಿಸಿದ ಕಳ್ಳ ಎಲೆಗಳ ಹೊಳಪೇ ಬೇರೆ, ಬೆನ್ನಿನ ಕೆಂಪೇ ಬೇರೆ. ಊರಿನ ಎಲೆಗಳ ನಡುವೆ ಸೇರಿಸಿದರೆ ಮದುವೆ ಮನೆಗೆ ನುಗ್ಗಿದ ಪೊಲೀಸಿನವನಂತೆ ಎದ್ದು ಕಾಣುತ್ತಿದ್ದವು. ತಾವೇ ಮಾಡೋಣವೆಂದು ಕೂತರು. ಒಬ್ಬ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಲು ಹೋಗಿ ಎಲೆಗೆ ಬೊಬ್ಬೆ ಎಬ್ಬಿಸಿದ. ಲಾಂಬ್ರೆಕ್ಟ್ ತನ್ನ ಅಂಗಡಿಯ ಯಾವುದೋ ದ್ರಾವಣದಲ್ಲಿ ನೆನೆಸಿದ. ಬಣ್ಣ ಕದಡಿ ರಾಜನ ಮೀಸೆ ರಾಣಿಗೆ ಬಂತು. ಕೊನೆಗೆ ಹೇಳಿಕಳಿಸಿದರು: ಬನ್ನಿ, ಪರೀಕ್ಷೆ ಮಾಡುತ್ತೇವೆ.

ಪರೀಕ್ಷೆಯ ದಿನ ಮರಿಯೆಟ್ ತಾನೂ ಹೊರಟಳು. ಮಹಡಿಗೆ ಬೇರೆ ಹೆಂಗಸರನ್ನು ಬಿಡುತ್ತಿರಲಿಲ್ಲ. "ಕೆಳಗೆ ಕೂತಿರ್ತೀನಿ ಲೀವ. ಪೆಟ್ಟಿಗೆ ಗಿಟ್ಟಿಗೆ ಹಾಕೋಕೆ ಬಂದ್ರೆ ಒಂದು ಕೂಗು ಹಾಕು, ಛತ್ರಿ ತಗೊಂಡು ಬರ್ತೀನಿ."

ಮಹಡಿಯಲ್ಲಿ ಲಾಂಬ್ರೆಕ್ಟ್ ಮತ್ತು ಇಬ್ಬರು ಹಿರಿಯರು ಕಾಫಿ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು. ಕನ್ನಡಿಯ ಮುಂದೆ ಆಡುವುದೇ ಒಂದು, ಹೀಗೆ ದಿಟ್ಟಿಸುವ ಕಣ್ಣುಗಳ ಮುಂದೆ ಆಡುವುದೇ ಇನ್ನೊಂದು. ಆದರೂ ಗೊಡೆಲೀವ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದಳು. ಲಾಂಬ್ರೆಕ್ಟ್ ಕಳಾವರದ ಏಳನ್ನು ಎಳೆದು, ಅದರ ಮೇಲೆ ಸಹಿ ಹಾಕಿ ವಾಪಸು ಕೊಟ್ಟ. ಅವಳು ಕಲಸಿ ಕಟ್ಟನ್ನು ಮೇಜಿನ ಮೇಲಿಟ್ಟಳು.

"ಆ ಕಟ್ಟನ್ನ ಸ್ವಲ್ಪ ಕೊಡಿ ಮೇಡಂ," ಎಂದ ಲಾಂಬ್ರೆಕ್ಟ್.

ಇಬ್ಬರು ಹಿರಿಯರೂ ತಲೆತಗ್ಗಿಸಿದರು. ಜಾದೂಗಾರರಲ್ಲಿ ಒಬ್ಬರು ಆಡುತ್ತಿರುವಾಗ ಅವರ ಎಲೆಗಳನ್ನು ಕೇಳುವುದೆಂದರೆ ಊಟದ ನಡುವೆ ಕಟ್ಟುಹಲ್ಲು ಬಿಚ್ಚಿಕೊಡಿ ಎಂದು ಕೇಳಿದಂತೆ.

"ತಗೊಳ್ಳಿ," ಎಂದಳು ಗೊಡೆಲೀವ.

ಅವನು ಅಂಚು ಸವರಿದ, ಉದ್ದ ಅಳೆದ, ದೀಪಕ್ಕೆ ಹಿಡಿದ. ಇಸ್ಪೀಟಿನ ಎಕ್ಕದ ಮೂಲೆಗೆ ಉಗುರು ಹಾಕಿ ಸುಲಿದೂ ನೋಡಿದ. ತಲೆತಗ್ಗಿಸಿದ್ದ ಹಿರಿಯರಿಗೂ ಕುತೂಹಲ ತಡೆಯಲಾಗಲಿಲ್ಲ. ಮೂರು ತಲೆಗಳೂ ಎಲೆಗಳ ಮೇಲೆ ಬಾಗಿದವು. ಎಲ್ಲವೂ ಶುದ್ಧ ಎಲೆಗಳು. ಬೆಳಿಗ್ಗೆ ಮೂಲೆಯ ತಂಬಾಕಿನ ಅಂಗಡಿಯಲ್ಲಿ ಕೊಂಡ ಹೊಸ ಕಟ್ಟು.

"ನಿಮ್ಮ ಏಳು ಅದರಲ್ಲಿಲ್ಲ ಮೆನೇರ್. ಬಟ್ಟಲನ್ನ ತಟ್ಟೆ ಸಮೇತ ಎತ್ತಿ ನೋಡಿ."

ಬಟ್ಟಲ ತಟ್ಟೆಯ ಕೆಳಗೆ ಕಳಾವರದ ಏಳಿತ್ತು, ಅವನ ಸಹಿಯ ಸಮೇತ.

ಬೇರೆ ಯಾರೇ ನೋಡುಗನಾಗಿದ್ದರೂ ಅವಳ ಕೈಯ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದ. ಈ ಮೂವರಿಗೆ ಮಾತ್ರ ಅವಳಿಗೆ ಕೈಯಿದೆ ಎಂಬುದೇ ಹೊಳೆದಿರಲಿಲ್ಲ. ಗುಟ್ಟು ಎಲೆಯಲ್ಲೇ ಇರಬೇಕು ಎಂದು ಅವರು ಹುಡುಕುತ್ತಿದ್ದಾಗ ಅವಳು ಅಂಗೈಯಲ್ಲಿ ಅಡಗಿಸಿಟ್ಟಿದ್ದ ಏಳನ್ನು ತಟ್ಟೆಯಡಿ ಜಾರಿಸಿ ಕೆಲಸ ಮುಗಿಸಿದ್ದಳು. ಹಿರಿಯರಲ್ಲಿ ಒಬ್ಬ ಚಪ್ಪಾಳೆ ತಟ್ಟಲು ಹೋಗಿ, ಲಾಂಬ್ರೆಕ್ಟ್‌ನ ಮುಖ ನೋಡಿ, ಕೈ ಉಜ್ಜಿಕೊಂಡ.

ಒಂದು ವಾರದ ಮೇಲೆ ಲಾಂಬ್ರೆಕ್ಟ್ ಸದಸ್ಯತ್ವದ ಚೀಟಿ ಹಿಡಿದು ಬಂದ. ದಪ್ಪ ಕಾಗದ, ಚಿನ್ನದ ಅಂಚು. ನಡುವೆ ಬರೆದಿತ್ತು: ಗುಸ್ಟ್ ಪೇಟರ್ಸ್ ಅವರ ವಿಧವೆ, ಸಹಾಯಕಿ.

"ನನ್ನ ಹೆಸರೆಲ್ಲಿ?"

"ನಿಯಮದಲ್ಲಿ ಹೆಂಗಸರ ಹೆಸರಿಗೆ ಜಾಗ ಇಲ್ಲ ಮೇಡಂ ಗುಸ್ಟ್. ಇಷ್ಟು ಮಾಡಿಸೋಕೇ ನಾನು ಎಷ್ಟು ಜನರ ಕಾಲು ಹಿಡಿದೆ ಗೊತ್ತಾ? ಇನ್ನು ವಾರ್ಷಿಕೋತ್ಸವದ ಎಲೆಗಳು..."

ಗೊಡೆಲೀವ ಚೀಟಿಯ ಮೂಲೆಯನ್ನು ಉಗುರಿನಿಂದ ತಟ್ಟಿ ನೋಡಿದಳು. ಒಳ್ಳೆಯ ಕಾಗದ, ಚೆನ್ನಾಗಿ ಬಿಟ್ಟುಕೊಟ್ಟಿತು. ಅವನ ಕಣ್ಣೆದುರಿಗೇ ಅದನ್ನು ಎರಡಾಗಿ ಸುಲಿದು, ಬರಹವಿದ್ದ ಪದರವನ್ನು ಅವನ ಕೈಗಿಟ್ಟಳು.

"ಇದು ಗುಸ್ಟ್‌ದು. ಸ್ಮಶಾನದ ದಾರಿ ನಿಮಗೆ ಗೊತ್ತಲ್ಲ, ಅಲ್ಲಿ ಕೊಟ್ಟು ಬನ್ನಿ."

ಉಳಿದ ಪದರವನ್ನು ಅಲುಗಾಡುವ ಕುರ್ಚಿಯ ಕಾಲಡಿ ತುರುಕಿದಳು.

ವಾರ್ಷಿಕೋತ್ಸವದ ಸಂಜೆಯೇ, ಸಂತೆ ಬೀದಿಯ ಹಿಂದೆ ಮರಿಯೆಟ್‌ಳ ತಂಗಿ ನಡೆಸುತ್ತಿದ್ದ ಬಿಯರ್ ಅಂಗಡಿಯ ಹೊರಗೆ ಹಲಗೆಯೊಂದು ನಿಂತಿತು. ಅದರ ಮೇಲೆ ಸೀಮೆಸುಣ್ಣದಲ್ಲಿ: ಗೊಡೆಲೀವ ಸಾನನ್, ಎಲೆಗಳ ಆಟ. ಬಂದವರು ಕಾರ್ಖಾನೆಯ ಹೆಂಗಸರು, ಪಾರಿವಾಳ ಸಾಕುವ ಒಂದಷ್ಟು ಗಂಡಸರು, ಓಸ್ಟೆಂಡಿನಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ದಪ್ಪ ಹೆಂಗಸು.

"ತೋಳೊಳಗಿದೆ! ತೋಳೊಳಗಿದೆ!" ಎಂದು ಒಬ್ಬ ಕುಡುಕ ಅರಚಿದ.

ಗೊಡೆಲೀವ ಅಂಗಿಯ ತೋಳುಗಳನ್ನು ಭುಜದವರೆಗೂ ಮಡಿಚಿದಳು. "ಇಲ್ಲಿರೋದು ಸುಕ್ಕು ಮಾತ್ರ. ಬೇಕಾ?"

ನಗು ಎದ್ದಿತು. ಆದರೆ ಅಂಗಡಿಯ ತುಂಬ ಬಿಯರಿನ ಹಬೆ, ಒದ್ದೆ ಕೋಟುಗಳು. ಆಟದ ನಡುವೆ ಅಂಟು ಸಡಿಲಗೊಂಡು ಬಾಗಿಲಿನ ಎಲೆ ಎಲ್ಲರೆದುರು ಬಾಯಿಬಿಟ್ಟಿತು. ಎಕ್ಕದ ಹೊಟ್ಟೆಯಿಂದ ಏಳು ಇಣುಕಿತು. ಗುಂಪು ಹೋ ಎಂದಿತು. ಅವಳ ಕಿವಿಗಳು ಕೆಂಪಾದವು. ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ, ಎತ್ತಿ ಹಿಡಿದಳು.

"ನೋಡ್ಕೊಳ್ಳಿ. ಇದನ್ನ ನಾನು ನನ್ನ ಅಡುಗೆಮನೇಲಿ ಮಾಡಿದ್ದು. ಈ ಊರಲ್ಲಿ ನೀವು ಕಂಡು ಬೆರಗಾದ ಎಷ್ಟೋ ಎಕ್ಕಗಳು ನನ್ನ ಮಕ್ಕಳೇ. ಇವತ್ತು ಅಂಟು ಸೋತಿದೆ, ನಾನು ಸೋತಿಲ್ಲ. ಇನ್ನೊಂದು ಕಟ್ಟು ಯಾರತ್ರ ಇದೆ?"

ಕುಡುಕನೇ ತನ್ನ ಜೇಬಿನ ಜಿಡ್ಡುಗಟ್ಟಿದ ಕಟ್ಟನ್ನು ಕೊಟ್ಟ. ಅದೇ ಆಟವನ್ನು ಅವಳು ಅದರಲ್ಲಿ ಮಾಡಿದಳು. ಈ ಸಲ ಯಾರೂ ಹೋ ಎನ್ನಲಿಲ್ಲ. ಓಸ್ಟೆಂಡಿನ ಹೆಂಗಸು ಮಾತ್ರ ಗಟ್ಟಿಯಾಗಿ, "ಅಯ್ಯೋ ದೇವರೇ, ಮತ್ತೊಂದ್ಸಲ!" ಎಂದಳು.

ಗುಟ್ಟನ್ನು ಬೀದಿಪಾಲು ಮಾಡಿದಳೆಂದು ಸಂಘ ಅವಳಿಗೆ ಬಹಿಷ್ಕಾರ ಹಾಕಿತು. ಊರಿನ ಕಾಫಿ ಅಂಗಡಿಗಳವರು ಲಾಂಬ್ರೆಕ್ಟ್‌ನ ಸ್ನೇಹಿತರು. ಹಲಗೆ ಇಡಲು ಯಾರೂ ಜಾಗ ಕೊಡಲಿಲ್ಲ. ಮರಿಯೆಟ್‌ಳ ತಂಗಿಗೂ ಬಿಯರ್ ಸರಬರಾಜಿನವರು ಕಣ್ಣು ಕೆಂಪು ಮಾಡಿದರು. ಮತ್ತೆ ಎಲೆ ಮಾಡಿಕೊಟ್ಟರೆ ಎಲ್ಲ ಮರೆಯುತ್ತೇವೆ ಎಂದು ಒಳಗಿಂದೊಳಗೆ ಮಾತು ಬಂತು. ಓಸ್ಟೆಂಡಿನ ದಪ್ಪ ಹೆಂಗಸಿಗೆ ಸಮುದ್ರದ ದಂಡೆಯಲ್ಲಿ ವಾಫಲ್ ಅಂಗಡಿ, ಅದರ ಹಿಂದೆ ಒಂದು ಸಣ್ಣ ರಂಗ ಇತ್ತು. ಬೇಸಿಗೆಯಲ್ಲಿ ಬಂದು ಅಲ್ಲಿ ಆಟ ತೋರಿಸಿ ಎಂದು ಆಕೆ ಅಂದೇ ಕರೆದಿದ್ದಳು. ಗೊಡೆಲೀವ ಕಾಗದ ಬರೆದದ್ದು ಅವಳಿಗೆ: ಬರುತ್ತೇನೆ, ಬೇಸಿಗೆಗಲ್ಲ, ಪೂರ್ತಿಯಾಗಿ. ಕಾರ್ಖಾನೆಗೆ ರಾಜೀನಾಮೆ ಕೊಟ್ಟು, ಬಾಡಿಗೆ ಮನೆ ಬಿಟ್ಟುಕೊಡುತ್ತೇನೆಂದು ಹೇಳಿಯೇ ಬಿಟ್ಟಳು.

ಹೊರಡುವ ಬೆಳಿಗ್ಗೆ ಮರಿಯೆಟ್ ಬಾಗಿಲಿಗೆ ಅಡ್ಡ ನಿಂತಳು.

"ಅರವತ್ತು ಹತ್ತಿರ ಬಂತು ನಿಂಗೆ. ಆ ಸಮುದ್ರದ ಗಾಳಿಗೆ ನಿನ್ನ ಎಲೆಗಳೆಲ್ಲ ಸುರುಳಿ ಸುತ್ಕೊಳ್ತವೆ ಕಣೇ."

"ಸುತ್ಕೊಳ್ಳಲಿ. ಮತ್ತೆ ಮಾಡ್ತೀನಿ."

"ಜನ ನಗ್ತಾರೆ."

"ಟಿಕೆಟ್ ತಗೊಂಡು ನಗ್ಲಿ."

ಮರಿಯೆಟ್ ಮೂಗೊರೆಸಿಕೊಂಡು ಪಕ್ಕಕ್ಕೆ ಸರಿದಳು. ಗೊಡೆಲೀವ ಖಾಲಿ ಅಡುಗೆಮನೆಯನ್ನು ಒಮ್ಮೆಯೂ ತಿರುಗಿ ನೋಡದೆ ಬೀಗ ಹಾಕಿ, ಕೀಲಿಯನ್ನು ಗೆಳತಿಯ ಅಂಗೈಗಿಟ್ಟು, ಪೆಟ್ಟಿಗೆ ಎತ್ತಿಕೊಂಡಳು. ಹಿಂದಿನ ಓಣಿಯಲ್ಲಿ ನಡೆದರೆ ಸ್ಟೇಷನ್ನು ಹತ್ತಿರ, ಪೆಟ್ಟಿಗೆಯೂ ಭಾರವಿತ್ತು. ಆದರೂ ಅವಳು ಲಾಂಬ್ರೆಕ್ಟ್‌ನ ಔಷಧಿ ಅಂಗಡಿಯಿರುವ ದೊಡ್ಡ ಬೀದಿಯನ್ನೇ ಹಿಡಿದು, ನಡುರಸ್ತೆಯಲ್ಲಿ, ನಿಧಾನಕ್ಕೆ ನಡೆದುಹೋದಳು.