ಶರಣುವಿನ ಮರುಮಾತು

ಗೆಳೆಯರೇ, ಇವತ್ತು ಅಮೀರ್‌ಪೇಟ್‌ನ ಕೋಚಿಂಗ್ ಕಟ್ಟಡದ ಮಹಡಿಯಲ್ಲಿ, ಊರು ಬಿಟ್ಟು ಓದಲು ಬಂದ ನಮ್ಮ ಕನ್ನಡ ಹುಡುಗರ, ಪ್ರಾಸದಲ್ಲೇ ಬೈದಾಡುವ ರ‍್ಯಾಪ್ ಪಂದ್ಯದಲ್ಲಿ, ನಮ್ಮ ಹಾಡುಗಾರ ಶರಣುವಿಗೆ ಕೊಡುತ್ತೇವೆ ಎಂದಿದ್ದು: ಮೈಕು, ಬೈಸಿಕೊಂಡವನಿಗೆ ಸಲ್ಲುವ ಮರುಮಾತಿನ ಸರದಿ. ಕಸಿದುಕೊಂಡದ್ದು: ಎರಡನ್ನೂ.

ಎದುರಾಳಿ ಪ್ರಾಸ ಕಟ್ಟಿ ಅವನನ್ನು 'ಗಂಡಸರ ಹಿಂದೆ ಸುತ್ತುವವನು' ಎಂದು ಹಂಗಿಸಿದ. ಜಾತಿಯ ವಿರುದ್ಧ ಗಂಟಲು ಹರಿದುಕೊಂಡು ಹಾಡುವ ನಮ್ಮವರೇ ಸಿಳ್ಳೆ ಹೊಡೆದರು.

ಶರಣು ಮೈಕು ಹಿಡಿದು ಮರುಹಾಡು ಶುರು ಮಾಡಿದ. "ಹೌದ್ರಿ, ನಾ ಗಂಡಸನ್ನೇ ಪ್ರೀತಿ ಮಾಡ್ತೀನಿ. ಈಗ ಹೊಡೀರಿ ಸಿಳ್ಳಿ!"

ಸಂಘಟಕ ಮೈಕಿನ ತಂತಿ ಕಿತ್ತ.

"ಅವ ಬೈದಾಗ ಯಾಕ ಕೀಳಲಿಲ್ಲೋ?" ಎಂದು ಕೇಳಿದೆ.

"ಅದು ಆಟ, ಅಣ್ಣಾ. ಇವ ಖರೇನೇ ಹೇಳಾಕತ್ತಾನ!"

ಬಸ್ಸು ಹತ್ತುವಾಗ ಶರಣು ಕಣ್ಣೊರೆಸಿಕೊಂಡ. "ಹಾಡು ಅರ್ಧಕ್ಕ ನಿಂತಿತಲ್ರಿ ಅಣ್ಣಾ."

ಬೈಗುಳಕ್ಕೆ ಮೈಕಿದೆ, ನಿಜಕ್ಕಿಲ್ಲ. ಶರಣುವಿನ ಉಳಿದರ್ಧ ಹಾಡು ಅದೇ ಮಹಡಿಯಲ್ಲಿ, ಮೈಕಿಲ್ಲದೆ. ಸಿಳ್ಳೆ ಹೊಡೆದವರೂ ಬನ್ನಿ: ಭಾನುವಾರ, ಸಂಜೆ ಐದು ಗಂಟೆ.