ಮೇಲಿರಬೇಕಾದ ಕಂಬಿ

ಕ್ಯಾಂಟಿಲಿವರ್ ಎಂದರೇನು ಎಂದು ನನಗೆ ಹೇಳಿಕೊಟ್ಟವರು ಅಟ್ಟೂರಿನ ಮುನಿಯಲ್ಲಪ್ಪ ಮೇಸ್ತ್ರಿ. ೧೯೭೯ರಲ್ಲಿ ಯಲಹಂಕದಲ್ಲಿ ಮನೆ ಕಟ್ಟಿಸುತ್ತಿದ್ದೆ. ನಕ್ಷೆಯಲ್ಲಿ ಬಾಲ್ಕನಿಯ ಪಕ್ಕ ಆ ಪದವಿತ್ತು. ನನಗೆ ತಿಳಿಯದ್ದು ಇನ್ನೊಬ್ಬರಿಗೆ ತಿಳಿದಿದ್ದರೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಸಿಟ್ಟಿನಲ್ಲೇ ಕೇಳಿದೆ.

ಅವರಿಗೆ ಆಗಲೇ ಅರವತ್ತು. ಅಪ್ಪನ ಜೊತೆ ಕಲ್ಲಿನ ತೊಲೆ ಏರಿಸುತ್ತ ಬೆಳೆದವರು. ಕಾಂಕ್ರೀಟು ಬಂದು ಕಲ್ಲನ್ನು ಕೇಳುವವರಿಲ್ಲದಾದಾಗ ಕಂಬಿ ಕಟ್ಟುವುದನ್ನು ಕಲಿತರು. ಇಪ್ಪತ್ತು ವರ್ಷ ಕಂಬಿ ಬಗ್ಗಿಸಿ ಬಲ ಹೆಗಲು ಸೋತುಹೋಗಿತ್ತು. ಮಾತಾಡುವಾಗಲೂ ಅದನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು.

“ತೊಲೆಗೆ ಎರಡು ಕಡೆನೂ ಗೋಡೆ ಐತೆ ಸ್ವಾಮಿ. ಭಾರ ಬಿದ್ರೆ ಹೊಟ್ಟೆ ಕೆಳಕ್ಕೆ ಜಗ್ತದೆ, ಅದಕ್ಕೆ ಕಂಬಿ ಕೆಳಗೆ. ಇದಕ್ಕೆ ಒಂದೇ ಕಡೆ ಆಸರೆ.” ಎಡಗೈಯನ್ನು ನೇರ ಚಾಚಿ ನೀರು ತುಂಬಿದ ಬಕೆಟ್ ಹಿಡಿದು ತೋರಿಸಿದರು. “ಇಂಗೆ ಇಡ್ಕಂಡ್ರೆ ಎಲ್ಲಿ ನೋಯ್ತದೆ? ಹೆಗಲ ಮ್ಯಾಲೆ. ಅದಕ್ಕೆ ಇಲ್ಲಿ ಕಂಬಿ ಮ್ಯಾಲಿರ್ಬೇಕು. ಕೆಳಕ್ಕೆ ಓದ್ರೆ ಇದ್ದೂ ಇಲ್ದಂಗೆ.”

ಕಾಂಕ್ರೀಟು ಹಾಕುವ ಮೋಲ್ಡಿಂಗ್ ದಿನ ಪೂಜೆ ಮಾಡಿದೆವು. ನಾನು, ಹೆಂಡತಿ ಸತ್ಯವತಿ, ಅವಳ ತಮ್ಮ ಜಯಸಿಂಹ ಮೇಲೆ ಹತ್ತಿ ತೆಂಗಿನಕಾಯಿ ಒಡೆದು, ಮೊದಲ ಬಾಂಡ್ಲಿ ಕಾಂಕ್ರೀಟನ್ನು ಸುರಿದು, ಬಾಲ್ಕನಿಯಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಆಮೇಲೆ ಮುನಿಯಲ್ಲಪ್ಪನವರನ್ನು ಕೈಹಿಡಿದು ಕೆಳಗೆ ಕರೆದೆ. “ಬಂದೆ ಸ್ವಾಮಿ, ಒಂದ್ ಗಳಿಗೆ” ಎಂದರು. “ಉಪ್ಪಿಟ್ಟು ಆರಿಹೋಗುತ್ತೆ ಕಣ್ರೀ, ಕೆಲಸ ಎಲ್ಲಿಗೆ ಓಡ್ಹೋಗುತ್ತೆ?” ಎಂದು ಕೂರಿಸಿಯೇ ಬಿಟ್ಟೆ. ಅವರು ಬೇಗಬೇಗ ತಿಂದು ಮೇಲೆ ಹೋಗುವಷ್ಟರಲ್ಲಿ ಆಳುಗಳು ಬಾಲ್ಕನಿ ತುಂಬಿ ಮಟ್ಟ ಮಾಡಿದ್ದರು.

ಇಪ್ಪತ್ತೊಂದನೇ ದಿನ, ಕಾಂಕ್ರೀಟನ್ನು ಕೆಳಗಿನಿಂದ ಹೊತ್ತಿದ್ದ ಸೆಂಟ್ರಿಂಗ್ ಬಿಚ್ಚಬೇಕಿತ್ತು. ಗೃಹಪ್ರವೇಶಕ್ಕೆ ವಾರವಿತ್ತು, ಕಾರ್ಡು ಹಂಚಿಯಾಗಿತ್ತು. ಮುನಿಯಲ್ಲಪ್ಪ ಬಂದರು, ಆದರೆ ಬಾಲ್ಕನಿಗೆ ಆನಿಸಿದ್ದ ಸರ್ವೆ ಕಂಬಗಳನ್ನು ಮುಟ್ಟಲಿಲ್ಲ.

“ಒಂದ್ಸಲ ಕೆತ್ತಿ ನೋಡ್ಬೇಕು ಸ್ವಾಮಿ. ಇಪ್ಪತ್ತು ದಿನದಿಂದ ನಿದ್ದೆ ಇಲ್ಲ.”

“ಗಟ್ಟಿ ಇರೋದನ್ನ ಒಡೀತೀರಾ? ತಲೆ ಕೆಟ್ಟಿದೆಯಾ ನಿಮಗೆ?”

“ಅಮ್ಮಾವ್ರು ಇಲ್ಲೇ ನಿಂತು ಬಟ್ಟೆ ಒಣಗಾಕ್ತಾರೆ” ಎಂದರು. ಅಷ್ಟೇ. ನಾನು ಪಕ್ಕಕ್ಕೆ ಸರಿದೆ.

ಗೋಡೆಯ ಬುಡದಲ್ಲಿ ಉಳಿ ಇಟ್ಟು ಮೇಲಿನಿಂದ ಕೆತ್ತತೊಡಗಿದರು. ನಾಲ್ಕಂಗುಲ ದಪ್ಪ, ಒಂದಂಗುಲದೊಳಗೆ ಕಂಬಿ ಸಿಗಬೇಕಿತ್ತು. ಸಿಗಲಿಲ್ಲ. ಎರಡಂಗುಲಕ್ಕೂ ಇಲ್ಲ. ಮೂರು ದಾಟಿದ ಮೇಲೆ ಉಳಿ ಕಬ್ಬಿಣಕ್ಕೆ ತಗುಲಿತು. ಅವರು ಉಳಿ ಕೆಳಗಿಟ್ಟು ಕೂತುಬಿಟ್ಟರು.

“ಯಾವನ್ರೀ ಕಂಬಿ ತುಳಿದಿದ್ದು? ಕರೀರಿ ಅವನನ್ನ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

“ತಪ್ಪು ನಂದೇ ಸ್ವಾಮಿ. ನಾನೇ ಒಡೆದು ಕಟ್ಕೊಡ್ತೀನಿ.”

ಸತ್ಯವತಿ ನನ್ನ ತೋಳು ಹಿಡಿದಳು. “ಕೂಗ್ಬೇಡಿ. ಅವತ್ತು ಫೋಟೋಗೆ ಅಲ್ಲಿ ನಿಂತಿದ್ದು ಯಾರು?”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಾಂಕ್ರೀಟು ಬೀಳುವ ಮೊದಲೇ ಕಂಬಿಯನ್ನು ತುಳಿದು ಕೆಳಕ್ಕಿಳಿಸಿದವರು ನಾವು. ಎತ್ತಿ ಸರಿಮಾಡಬೇಕಿದ್ದವರನ್ನು ಉಪ್ಪಿಟ್ಟಿಗೆ ಎಳೆದೊಯ್ದವನೂ ನಾನೇ.

“ಹೇಳ್ಬಾರದಿತ್ತೇನ್ರೀ?” ಎಂದೆ, ದನಿ ಇಳಿಸಿ.

“ಪೂಜೆ ಒತ್ನಾಗೆ ಯಜಮಾನ್ರಿಗೆ ಇಳೀರಿ ಅಂತ ಎಂಗೆ ಏಳೋದು?”

ಗೃಹಪ್ರವೇಶ ಮುಂದಕ್ಕೆ ಹೋಯಿತು. ಎರಡನೇ ಮೋಲ್ಡಿಂಗಿಗೆ ಪೂಜೆ ಇರಲಿಲ್ಲ. ನಾನು ರಸ್ತೆಯಲ್ಲೇ ನಿಂತಿದ್ದೆ. ಮುನಿಯಲ್ಲಪ್ಪ ಯಾರನ್ನೂ ಹತ್ತಿರ ಬಿಡದೆ, ಕಾಂಕ್ರೀಟು ಬಿದ್ದಲ್ಲೆಲ್ಲ ಕಂಬಿಯನ್ನು ಕೊಕ್ಕೆಯಿಂದ ಎತ್ತೆತ್ತಿ ಹಿಡಿದರು. ಸಂಜೆ ಸತ್ಯವತಿ ಕಾಫಿ ಕೊಟ್ಟಾಗ ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ಲೋಟ ತೆಗೆದುಕೊಂಡು, “ತಪ್ಪು ತಿಳ್ಕಾಬ್ಯಾಡಿ ತಾಯಿ” ಎಂದರು.

ಆ ಕೈ ಮತ್ತೆ ಸರಿಹೋಗಲಿಲ್ಲ. ನಮ್ಮ ಬಾಲ್ಕನಿಯೇ ಅವರ ಕೊನೆಯ ಕೆಲಸವಾಯಿತು.

ಆ ಫೋಟೋವನ್ನು ಸತ್ಯವತಿ ಕಟ್ಟು ಹಾಕಿಸಿದಳು, ಬೇಡವೆಂದರೂ ಕೇಳಲಿಲ್ಲ. ನಾವು ಮೂವರೂ ನಗುತ್ತ ನಿಂತಿದ್ದೇವೆ. ಹಿಂದೆ ಮೂಲೆಯಲ್ಲಿ ಮುನಿಯಲ್ಲಪ್ಪ, ಕೈಯಲ್ಲಿ ಕೊಕ್ಕೆ, ಕಣ್ಣು ನಮ್ಮ ಕಾಲುಗಳ ಮೇಲೆ. ಏನೋ ಹೇಳಲು ಬಾಯಿ ಅರ್ಧ ತೆರೆದಿದ್ದಾರೆ.