ವಿಶಲ್ ಊದಿದ ಮೇಲೆ

ಮೊನ್ನೆ ಗೋಡೌನಿನಲ್ಲಿ ವಿಶಲ್ ಕೇಳಿಸಿತು. ಫೋರ್ಕ್‌ಲಿಫ್ಟ್ ಮೇಲೆ ಕೂತಿದ್ದ ನನ್ನ ಎದೆ ಝಲ್ಲೆಂದಿತು. ಇಷ್ಟು ವರ್ಷ ಸರಕು ಎತ್ತಿ ಇಳಿಸಿದ ಕೈ ಲಿವರ್ ಮೇಲೇ ನಿಂತುಬಿಟ್ಟಿತು. ಆ ಸದ್ದಿನ ಹಿಂದೆಯೇ ಅಕ್ಕ ನೆನಪಾದಳು…

ಸ್ವಂತ ಅಕ್ಕ ಅಲ್ಲ. ನೆಲಮಂಗಲದ ಇದೇ ಗೋಡೌನಿನಲ್ಲಿ ನನ್ನ ಜೊತೆ ಪ್ಯಾಕಿಂಗ್ ಮಾಡುತ್ತಿದ್ದವಳು. ಪ್ಯಾಕಿಂಗ್ ಕೆಲಸ ಆ ತಿಂಗಳಿಗೆ ಮುಗಿಯುವುದಿತ್ತು. ಫೋರ್ಕ್‌ಲಿಫ್ಟ್ ಟೆಸ್ಟ್ ಪಾಸಾದವರಷ್ಟೇ ಉಳಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಕ್ಕಳನ್ನು ಸಾಕುತ್ತಿದ್ದ ಅಕ್ಕನಿಗೆ ಆ ಕೆಲಸ ಬೇಕೇ ಬೇಕಿತ್ತು. ಅಭ್ಯಾಸದ ದಿನಗಳಲ್ಲಿ ಅವಳು ಗಾಡಿ ಓಡಿಸುವುದನ್ನು ನೋಡಬೇಕಿತ್ತು. ತುಂಬಿದ ಪೆಟ್ಟಿಗೆಗಳನ್ನು ಮೇಲಿನ ರ‍್ಯಾಕಿಗೆ ಏರಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನನಗೂ ಅವಳೇ ಕಲಿಸಿದ್ದು.

ಟೆಸ್ಟ್ ದಿನ ಮೊದಲು ಗಂಡಸರ ಸರದಿ. ಒಬ್ಬ ಪೆಟ್ಟಿಗೆಯನ್ನೇ ಬೀಳಿಸಿದ. ನಕ್ಕು ಇನ್ನೊಂದು ಅವಕಾಶ ಕೊಟ್ಟರು. ಅಕ್ಕ ಗಾಡಿ ಹತ್ತಿದಳು ನೋಡಿ, ಸೂಪರ್‌ವೈಸರ್ ಜೇಬಿನಿಂದ ವಿಶಲ್ ತೆಗೆದು ಊದಿದ.

“ಲೇಡೀಸ್ ಟೆಸ್ಟು! ಎಲ್ಲಾ ಗೋಡೆ ಕಡೆ ಸರ್ಕೊಳ್ರಪ್ಪಾ, ಜೀವ ಉಳಿಸ್ಕೊಳ್ಳಿ!”

ಎಲ್ಲರೂ ನಗುತ್ತಾ ಗೋಡೆಗೆ ಅಂಟಿಕೊಂಡರು. ತುಂಬಿದ ಪೆಟ್ಟಿಗೆ ತೆಗೆದು ಖಾಲಿಯವನ್ನು ಇಟ್ಟರು. ಅಪಾಯ ಬೇಡವಂತೆ! ನನ್ನ ಮೈ ಉರಿದುಹೋಯಿತು. ಅಕ್ಕನ ಗಾಡಿ ತಡೆತಡೆದು ಸಾಗಿತು… ಎಂದೂ ತಪ್ಪದ ತಿರುವಿನಲ್ಲಿ ರ‍್ಯಾಕಿನ ಕಂಬಕ್ಕೆ ತಾಗಿತು. “ನಾನ್ ಹೇಳ್ಲಿಲ್ವಾ?” ಎಂದ ಸೂಪರ್‌ವೈಸರ್. ಇನ್ನೊಂದು ಅವಕಾಶದ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಸರದಿ ನನ್ನದು. ಅಕ್ಕ ಇಳಿದು ನನ್ನ ಹತ್ತಿರ ಬಂದಳು.

“ವಿಶಲ್ ಊದಿದ್ ಮೇಲೆ ನಾನು ದಾರಿ ನೋಡ್ಲಿಲ್ಲ ಕಣೇ, ಅವರ ಮುಖಾನೇ ನೋಡ್ತಿದ್ದೆ. ನೀನು ನೋಡ್ಬೇಡ.”

ಮತ್ತೆ ವಿಶಲ್. ಎಲ್ಲರೂ ಗೋಡೆಗೆ ಸರಿದರು, ಅವಳು ಸರಿಯಲಿಲ್ಲ. “ತುಂಬಿದ್ ಪೆಟ್ಗೇನೇ ಇಡಿ,” ಎಂದಳು. ಗಂಡಸರ ಟೆಸ್ಟಿನಲ್ಲಿ ಜನ ನಿಲ್ಲುವ, ಗಾಡಿ ದಾರಿಯ ಪಕ್ಕದ ಹಳದಿ ಗೆರೆಯ ಮೇಲೆ, ನನಗೆ ಬೆನ್ನು ಕೊಟ್ಟು, ಅವರಿಗೆ ಮುಖ ಮಾಡಿ ನಿಂತಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಮೇಲೆ ಅವಳಿಗೆ ಅದೆಷ್ಟು ನಂಬಿಕೆ! ನಾನು ಪಾಸಾದೆ.

ಅಕ್ಕ ಸೂಲಿಬೆಲೆಯ ತವರಿಗೆ ಹೋದಳು. ಹಸು ಕಟ್ಟಿದ್ದಾಳೆಂದು ಕೇಳಿದ್ದೆ. ಹೋದ ವರ್ಷ ತೀರಿಕೊಂಡಳೆಂದೂ ಕೇಳಿದೆ…

ಮೊನ್ನೆಯ ವಿಶಲ್ ಹೊಸ ಹುಡುಗಿಯೊಬ್ಬಳ ಟೆಸ್ಟಿಗೆ ಊದಿದ್ದು. ನಾನು ಗಾಡಿ ನಿಲ್ಲಿಸಿ ಇಳಿದೆ. ಹಳದಿ ಗೆರೆಯ ಮೇಲೆ ಅವಳಿಗೆ ಬೆನ್ನು ಕೊಟ್ಟು ನಿಂತೆ. ಗೋಡೆ ಬದಿಯ ನಗು ನಿಂತಿತು. ಹಿಂದೆ ಗಾಡಿ ಹೊರಟ ಸದ್ದು ಕೇಳಿಸಿತು. ಅಕ್ಕನ ಸರದಿಯಲ್ಲಿ ಹೀಗೆ ನಿಲ್ಲಲು ಯಾರೂ ಇರಲಿಲ್ಲ.